ಕಟ್ಟಡ ಸಾಮಗ್ರಿಗಳ ಮೇಳ ಮತ್ತು ಮಲೆನಾಡಿನ ಮನೆ



ಪರಿಸರದ ಸಭೆಗಳಲ್ಲಿ ಗಣಿ, ಅಣೆಕಟ್ಟು, ಹೆದ್ದಾರಿಗಳ ಮಾತು ಬರುವಷ್ಟು ಸಲೀಸಾಗಿ ಮನೆ ಕಟ್ಟುವ ಮಾತು ಬರುವುದಿಲ್ಲ. ಕಾರಣ ಸರಳ. ಗಣಿಯನ್ನು ಹೊರಗಿನವರು ತೆಗೆಯುತ್ತಾರೆ. ಮನೆಯನ್ನು ಊರಿನವರೇ ಕಟ್ಟುತ್ತಾರೆ. ಹೊರಗಿನವರನ್ನು ಕುರಿತು ಭಾಷಣ ಮಾಡುವುದು ಸುಲಭ, ಪಕ್ಕದ ಮನೆಯ ಗೃಹಪ್ರವೇಶಕ್ಕೆ ಹೋಗಿ ಊಟ ಮಾಡಿ ಬಂದು ಅದೇ ಮನೆಯ ಮರಳಿನ ಬಗ್ಗೆ ಮಾತನಾಡುವುದು ಕಷ್ಟ. ಆ ಕಷ್ಟದ ಮಾತನ್ನು ಎತ್ತಿಕೊಳ್ಳಲು ಕಟ್ಟಡ ಸಾಮಗ್ರಿಗಳ ಮೇಳ ಒಂದು ಒಳ್ಳೆಯ ನೆಪ.

ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗದಂತಹ ನಗರಗಳಲ್ಲಿ ಇಂತಹ ಮೇಳಗಳು ಈಗ ಅಪರೂಪವಲ್ಲ. ಅವುಗಳ ದೊಡ್ಡಣ್ಣನನ್ನು ನೋಡಬೇಕಾದರೆ ಬೆಂಗಳೂರಿಗೆ ಹೋಗಬೇಕು. ತುಮಕೂರು ರಸ್ತೆಯ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಎಕ್ಸ್‌ಕಾನ್ ನಿರ್ಮಾಣ ಯಂತ್ರಗಳ ಮೇಳ. ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಅಲ್ಲಿ ಅಗೆಯುವ, ಕೊರೆಯುವ, ಪುಡಿಮಾಡುವ ಯಂತ್ರಗಳೆಲ್ಲ ಹೊಸ ಬಣ್ಣ ಬಳಿದುಕೊಂಡು ನಿಲ್ಲುತ್ತವೆ. 2024ರ ನವೆಂಬರಿನಿಂದ ಆ ಬಾಗಿಲಿನವರೆಗೆ ಮೆಟ್ರೊ ರೈಲೂ ಹೋಗುತ್ತದೆ. ಜಿಲ್ಲಾ ನಗರಗಳ ಮೇಳಗಳು ಅಷ್ಟು ದೊಡ್ಡವಲ್ಲ, ಆದರೆ ಮಲೆನಾಡಿನ ಮನೆಯ ರೂಪವನ್ನು ನಿರ್ಧರಿಸುವುದರಲ್ಲಿ ಅವುಗಳ ಪಾಲು ಹೆಚ್ಚಿನದು. ಅಡಿಕೆಗೆ ಬೆಲೆ ಬಂದ ವರ್ಷ ಮನೆ ಕಟ್ಟಲು ಹೊರಟ ಕುಟುಂಬ ಅಲ್ಲಿಗೆ ಬರುತ್ತದೆ. ಗಂಡಸರು ಕಬ್ಬಿಣದ ಸರಳಿನ ಮುಂದೆಯೂ ಹೆಂಗಸರು ಅಡುಗೆಮನೆಯ ಕಟ್ಟೆಯ ಮುಂದೆಯೂ ನಿಲ್ಲುತ್ತಾರೆ. ಬ್ಯಾಂಕಿನವರ ಸಾಲದ ಮಳಿಗೆ ಇವೆರಡರ ನಡುವೆ ಇರುತ್ತದೆ. ಸಂಜೆಗೆ ಕೈಯಲ್ಲೊಂದು ಚೀಲದ ತುಂಬ ಹೊಳಪುಕಾಗದದ ಪತ್ರಗಳು.

ಆ ಪತ್ರಗಳಲ್ಲಿ ಬೆಲೆಯಿದೆ, ಬಾಳಿಕೆಯಿದೆ, ಬಣ್ಣಗಳಿವೆ. ವಸ್ತು ಎಲ್ಲಿಂದ ಬಂತು ಎಂಬುದು ಮಾತ್ರ ಇಲ್ಲ. ಮಳಿಗೆಯಲ್ಲಿರುವ ಹುಡುಗನನ್ನು ಕೇಳಿದರೆ ಕಂಪನಿಯ ಹೆಸರು ಹೇಳುತ್ತಾನೆ, ಬೆಟ್ಟದ ಹೆಸರು ಹೇಳುವುದಿಲ್ಲ. ಅದು ಅವನ ತಪ್ಪಲ್ಲ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ.

ಕೇಳಿದ್ದರೆ ಉತ್ತರಗಳು ಹೀಗಿರುತ್ತಿದ್ದವು. ನುಣುಪಾದ ನೆಲದ ಹಾಸು ಬಹುಮಟ್ಟಿಗೆ ಗುಜರಾತಿನ ಮೋರ್ಬಿಯಿಂದ ಬರುತ್ತದೆ; ಅಲ್ಲಿ ಕುಲುಮೆಗಳಿಗೆ ಅನಿಲ ಒದಗಿಸುತ್ತಿದ್ದ ಕಲ್ಲಿದ್ದಲಿನ ಘಟಕಗಳು ನೆಲ ಜಲಗಳನ್ನು ಕೆಡಿಸಿದ್ದರಿಂದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರ ಮಾರ್ಚಿಯಲ್ಲಿ ಅವುಗಳನ್ನು ಮುಚ್ಚಿಸಬೇಕಾಯಿತು. ಸಿಮೆಂಟು ಸೇಡಂ, ವಾಡಿ, ಬಾಗಲಕೋಟೆಯ ಕಡೆಯ ಸುಣ್ಣಕಲ್ಲು. ಒಂದು ಟನ್ ಸಿಮೆಂಟು ಗಟ್ಟಿಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಅದನ್ನು 1,450 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖದಲ್ಲಿ ಬೇಯಿಸಿದಾಗ, ಉರುವಲಿನ ಹೊಗೆಯನ್ನು ಬಿಟ್ಟು, ಕಲ್ಲಿನೊಳಗಿಂದಲೇ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ದನದ ಕೊಟ್ಟಿಗೆಗೂ ಕೂಲಿಗಳ ಲೈನ್ ಮನೆಗೂ ಹಾಕುವ ಅಗ್ಗದ ಸಿಮೆಂಟ್ ಶೀಟಿನಲ್ಲಿ ಇಂದಿಗೂ ಆಮದಾದ ಕಲ್ನಾರು ಇರುತ್ತದೆ. ಅದು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಶೀಟನ್ನು ಗರಗಸದಿಂದ ಕೊಯ್ಯುವ ಕೆಲಸಗಾರ ಮೂಗಿಗೆ ಒಂದು ವಸ್ತ್ರವನ್ನೂ ಕಟ್ಟಿಕೊಂಡಿರುವುದಿಲ್ಲ.

ಮರಳಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಜಲ್ಲಿಗಳನ್ನು ಬಳಸುತ್ತಿದೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿ ಹೇಳಿತು. ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ಹತ್ತುವುದಿಲ್ಲ. ತುಂಗೆಯ ದಂಡೆಯಲ್ಲಿ ಅಥವಾ ನೇತ್ರಾವತಿಯ ದಂಡೆಯಲ್ಲಿ ಬಾವಿ ಇರುವವರಿಗೆ ಸಣ್ಣ ಲೆಕ್ಕವೇ ಸಾಕು. ಹೊಳೆಯ ಮರಳು ಬರಿಯ ಮರಳಲ್ಲ; ಅದು ನೀರನ್ನು ಹೀರಿ ಹಿಡಿದಿಟ್ಟು ಬೇಸಿಗೆಯಲ್ಲಿ ದಂಡೆಯ ಬಾವಿಗಳಿಗೆ ಬಿಟ್ಟುಕೊಡುವ ಸ್ಪಂಜು. ಹೊಳೆಯ ತಳ ಇಳಿದರೆ ಬಾವಿಯ ನೀರೂ ಅದರ ಜೊತೆಗೆ ಇಳಿಯುತ್ತದೆ. ಕರಾವಳಿಯ ಅಳಿವೆಗಳಲ್ಲಿ ಉಪ್ಪು ನೀರು ಇನ್ನಷ್ಟು ಮೇಲಕ್ಕೆ ಏರುತ್ತದೆ. 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹರಿಯಾಣದ ಒಂದು ಪ್ರಕರಣದಲ್ಲಿ, 5 ಹೆಕ್ಟೇರಿಗಿಂತ ಚಿಕ್ಕದಾದ ಮರಳು ಗುತ್ತಿಗೆಗೂ ಪರಿಸರದ ಒಪ್ಪಿಗೆ ಬೇಕೆಂದು ಹೇಳಿತು. ಅದಕ್ಕಿಂತ ಮೊದಲು ಹೊಳೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಿ ಕಾನೂನಿನ ಕಣ್ಣು ತಪ್ಪಿಸುವ ಜಾಣತನ ನಡೆಯುತ್ತಿತ್ತು. ತೀರ್ಪು ಬಂದ ಮೇಲೆ ರಾತ್ರಿಯ ಲಾರಿಗಳು ನಿಂತವೆಂದು ಹೊಳೆಯ ದಂಡೆಯವರು ಯಾರೂ ಹೇಳಲಾರರು.

ಈಗ ಮೇಳಗಳಲ್ಲಿ ‘ನದಿಯನ್ನು ಉಳಿಸುವ ಮರಳು’ ಎಂಬಂತಹ ಮಾತುಗಳೊಂದಿಗೆ ಎಂ-ಸ್ಯಾಂಡ್ ಬಂದಿದೆ. ಕಲ್ಲನ್ನು ಅರೆದು ಮಾಡುವ ಈ ಮರಳನ್ನು ಭಾರತೀಯ ಮಾನಕ ಸಂಸ್ಥೆ 2016ರ ಪರಿಷ್ಕೃತ ಮಾನಕದಲ್ಲಿ ಒಪ್ಪಿಕೊಂಡಿದೆ. ಹೊಳೆಯ ಮರಳಿನ ಮೇಲಿನ ಒತ್ತಡವನ್ನು ಅದು ಇಳಿಸಬಲ್ಲುದು. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆದರೆ ನದಿ ಉಳಿದಾಗ ಗುಡ್ಡ ಹೋಗುತ್ತದೆ. ಅರೆದ ಮರಳನ್ನು ತೊಳೆದ ಕೆಸರುನೀರು ಹಳ್ಳಕ್ಕೆ ಬಂದರೆ ಉಳಿದ ನದಿಯೂ ಪೂರ್ತಿ ಉಳಿಯುವುದಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಕಲ್ಲು ಸಿಡಿಸಲು ತಂದಿದ್ದ ಸ್ಫೋಟಕಗಳು ಸಿಡಿದು ಕೂಲಿಕಾರರು ಪ್ರಾಣ ಬಿಟ್ಟರು. ನೆರೆಯ ಜಿಲ್ಲೆಗಳಲ್ಲಿ ಜನ ಭೂಕಂಪವೆಂದು ಮನೆಯಿಂದ ಹೊರಗೋಡಿದರು. ಕಲ್ಲು ಪುಡಿ ಮಾಡುವ ಘಟಕಗಳ ನಿಯಂತ್ರಣಕ್ಕೆಂದೇ ರಾಜ್ಯದಲ್ಲಿ 2011ರಿಂದ ಒಂದು ಕಾನೂನಿತ್ತು ಎಂಬುದು ಅನೇಕರಿಗೆ ಆ ರಾತ್ರಿಯ ನಂತರವೇ ತಿಳಿಯಿತು.

ಇನ್ನು ಮೇಳದ ಹೊರಾಂಗಣ. ಮಕ್ಕಳು ಹೆಚ್ಚು ಇಷ್ಟಪಡುವ ಜಾಗ ಅದು. ಹಳದಿ ಬಣ್ಣದ ಯಂತ್ರದ ಹೆಸರು ಮಲೆನಾಡಿನಲ್ಲಿ ಈಗ ಕಂಪನಿಯ ಹೆಸರಲ್ಲ, ಹಾರೆ ಪಿಕಾಸಿಯಂತೆ ಒಂದು ಸಲಕರಣೆಯ ಹೆಸರು. ‘ಜೇಸಿಬಿ ತರಿಸಿದ್ದೇವೆ’ ಎಂದರೆ ಮನೆ ಕಟ್ಟಲು ಶುರುವಾಗಿದೆ ಎಂದರ್ಥ; ‘ಇಟಾಚಿ ಬಂದಿದೆ’ ಎಂದರೆ ಇನ್ನೂ ದೊಡ್ಡದೇನೋ ನಡೆಯಲಿದೆ ಎಂದರ್ಥ. ಗುಡ್ಡಗಾಡಿನ ಮನೆಗೆ ಮೇಳದಲ್ಲಿರುವ ಯಾವ ವಸ್ತುವಿಗಿಂತಲೂ ಹೆಚ್ಚಿನ ಅಪಾಯ ಈ ಯಂತ್ರದಿಂದ ಬಂದಿದೆ.

ಹಿಂದೆ ಮನೆಯ ತಟ್ಟನ್ನು ಆಳುಗಳು ಹಾರೆ ಗುದ್ದಲಿಯಿಂದ ಕಡಿಯುತ್ತಿದ್ದರು. ಕೂಲಿಯ ಲೆಕ್ಕವೇ ಧರೆಯ ಎತ್ತರಕ್ಕೆ ಮಿತಿಯಾಗಿತ್ತು. ಗುಡ್ಡ ಎಷ್ಟು ಜಾಗ ಕೊಡುತ್ತದೋ ಮನೆ ಅಷ್ಟರಲ್ಲಿ ಉದ್ದುದ್ದವಾಗಿ ಕೂರುತ್ತಿತ್ತು. ಧರೆಯ ನೆತ್ತಿಯಲ್ಲಿ ನೀರು ತಿರುಗಿಸುವ ಕಾಲುವೆ ಇರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅದನ್ನು ಬಿಡಿಸುವುದು ಮನೆಯವರ ಕೆಲಸ. ಯಂತ್ರಕ್ಕೆ ಗಂಟೆಗಿಷ್ಟು ಎಂದು ಬಾಡಿಗೆ. ಒಂದೇ ದಿನದಲ್ಲಿ ಮೂರಾಳೆತ್ತರದ ಧರೆಯನ್ನು ನೆಟ್ಟಗೆ ಗೋಡೆಯಂತೆ ಕಡಿದು, ಆ ಮಣ್ಣನ್ನು ಕೆಳಗಿನ ಇಳಿಜಾರಿಗೆ ಸುರಿದು, ನಗರದ ನಿವೇಶನದಂತಹ ಚೌಕವೊಂದನ್ನು ಮಾಡಿಕೊಡುತ್ತದೆ. ಸಮತಟ್ಟು ನೆಲಕ್ಕೆಂದು ಬರೆದ ನಕ್ಷೆ ಗುಡ್ಡದ ಮೇಲೆ ಹೀಗೆ ಇಳಿಯುತ್ತದೆ.

ಸಹ್ಯಾದ್ರಿಯ ಪಶ್ಚಿಮ ಮಗ್ಗುಲಿನ ಅನೇಕ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದಾಗ ಶೇಡಿ ಗಟ್ಟಿ. ನೀರು ಕುಡಿದರೆ ಅದರ ಹಿಡಿತವೇ ಹೋಗುತ್ತದೆ. ಮೇಲಿನ ಟೊಪ್ಪಿಗೆಯನ್ನು ತೆಗೆದು, ಬುಡವನ್ನು ಕಡಿದು, ಮಳೆಗೆ ಒಡ್ಡಿದ ಮೇಲೆ ಅದು ಜಾರಿದರೆ ಮಳೆಯೊಂದನ್ನೇ ದೂರುವುದು ನ್ಯಾಯವಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲದ ಸುತ್ತ ಗುಡ್ಡಗಳು ಇಳಿದಾಗ ಸುರಿದದ್ದು ಅಸಾಧಾರಣ ಮಳೆ, ನಿಜ. ಆದರೆ ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದದ್ದರ ಪಾಲನ್ನು ಭೂವಿಜ್ಞಾನಿಗಳು ಆಗಲೇ ಎತ್ತಿ ತೋರಿಸಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬಿದ್ದ ಗುಡ್ಡ ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ದೂಡಿತು. ಅಲ್ಲಿಯೂ ರಸ್ತೆಗಾಗಿ ಗುಡ್ಡದ ಬುಡ ಕಡಿಯಲಾಗಿತ್ತು. ಮೇಳದಲ್ಲಿ ಯಂತ್ರದ ಶಕ್ತಿಯನ್ನು ವಿವರಿಸುವ ಫಲಕಗಳು ಇರುತ್ತವೆ. ಎಷ್ಟು ಇಳಿಜಾರಿನಲ್ಲಿ ಎಷ್ಟು ಎತ್ತರಕ್ಕೆ ಮೀರಿ ಕಡಿಯಬಾರದು ಎಂಬ ಒಂದು ಫಲಕ ಇದ್ದರೆ ಅದನ್ನು ಹಾಕಿದವರಿಗೆ ಕೈ ಮುಗಿಯಬಹುದು.

ಹಾಗೆಂದು ಹಳೆಯ ಮನೆಯನ್ನು ಹೊಗಳಿ ಮುಗಿಸುವಂತಿಲ್ಲ. ಪರಿಸರದ ಬರಹಗಳಲ್ಲಿ ಹೆಂಚಿನ ಮನೆ, ಸಗಣಿ ಸಾರಿಸಿದ ನೆಲ, ತಂಪು ಜಗಲಿಗಳ ವರ್ಣನೆ ಧಾರಾಳವಾಗಿ ಬರುತ್ತದೆ. ಆ ನೆಲವನ್ನು ಸಾರಿಸಿದವರು ಯಾರು ಎಂಬ ಪ್ರಶ್ನೆ ಕಡಿಮೆ ಬರುತ್ತದೆ. ಮಳೆಗಾಲದ ಮುಂಚೆ ಮಾಡು ಹತ್ತಿ ಹೆಂಚು ಕೈಯಾಡಿಸಲು ಇಂದು ಆಳು ಸಿಗುವುದಿಲ್ಲ. ಮಂಗಗಳ ಹಿಂಡು ಒಮ್ಮೆ ಮಾಡಿನ ಮೇಲೆ ಹಾದುಹೋದರೆ ಅಡುಗೆಮನೆಯೊಳಗೆ ಐದಾರು ಕಡೆ ಪಾತ್ರೆ ಇಡಬೇಕಾಗುತ್ತದೆ. ಗೆದ್ದಲಿನ ಕಾಟ ಬೇರೆ. ವಯಸ್ಸಾದ ದಂಪತಿಗಳು ಮಾತ್ರ ಉಳಿದಿರುವ ಮನೆಯಲ್ಲಿ ತಾರಸಿ ಬೇಕೆಂದು ಅನಿಸುವುದು ಮೋಹವಲ್ಲ, ಲೆಕ್ಕಾಚಾರ. ಜೊತೆಗೆ ಆ ತಾರಸಿ ಅಡಿಕೆ ಒಣಗಿಸುವ ಅಂಗಳವೂ ಹೌದು.

ಹಳೆಯ ಮನೆ ನಿರಪರಾಧಿಯೂ ಅಲ್ಲ. ಅದರ ಕಂಬ ತೊಲೆಗಳು ಕಾಡಿನಿಂದಲೇ ಬಂದವು. ಜಂಬಿಟ್ಟಿಗೆ ಕಲ್ಲು ತೆಗೆದ ಹೊಂಡಗಳು ಇಂದಿಗೂ ಬಾಯಿ ತೆರೆದು ಬಿದ್ದಿವೆ. ಈಗ ಪರಂಪರೆಯ ಗುರುತಾಗಿ ಕಾಣುವ ಮಂಗಳೂರು ಹೆಂಚು ಒಂದು ಕಾಲದ ಹೊಸ ಕೈಗಾರಿಕಾ ವಸ್ತು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅದರ ಮೊದಲ ಕಾರ್ಖಾನೆ ಆರಂಭಿಸಿದಾಗ ಮಣ್ಣು ಹೊಳೆದಂಡೆಯದು, ಉರುವಲು ಕಾಡಿನದು. ಹುಲ್ಲಿನ ಮಾಡಿನ ಬೆಂಕಿಯ ಭಯದಿಂದ ಅದು ಜನರನ್ನು ಪಾರುಮಾಡಿತು, ಕಾಡಿನಿಂದ ಅದರ ಬೆಲೆ ವಸೂಲಾಯಿತು. ಹೊಸದೆಂಬ ಕಾರಣಕ್ಕೆ ಒಂದು ವಸ್ತುವನ್ನು ತಳ್ಳುವುದಕ್ಕೂ ಹಳೆಯದೆಂಬ ಕಾರಣಕ್ಕೆ ಒಪ್ಪುವುದಕ್ಕೂ ಆಧಾರವಿಲ್ಲ.

ಆದರೆ ಹೊಸದು ಈ ಮಳೆಗೆ ಒಗ್ಗಿದೆಯೇ ಎಂದು ಕೇಳುವುದಕ್ಕೆ ಆಧಾರವಿದೆ. ಮಲೆನಾಡಿನ ಯಾವ ರಸ್ತೆಯಲ್ಲಿ ಹೋದರೂ ಕಾಣುವ ದೃಶ್ಯ ಇದು: ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿಸಿದ ಚಪ್ಪಟೆ ತಾರಸಿ, ಅದರ ಮೇಲೆ ಕಬ್ಬಿಣದ ಕಂಬಗಳು, ಕಂಬಗಳ ಮೇಲೆ ಬಣ್ಣದ ತಗಡಿನ ಇಳಿಜಾರು ಮಾಡು. ತಾರಸಿ ಸೋರಿತು, ಸೋರದಂತೆ ಮೇಳದಿಂದ ತಂದ ರಾಸಾಯನಿಕ ಬಳಿದರು, ಎರಡು ಮಳೆಗಾಲದಲ್ಲಿ ಅದು ಎದ್ದಿತು, ಕೊನೆಗೆ ತಗಡು ಬಂತು. ಒಂದು ಮನೆಗೆ ಎರಡು ಮಾಡು, ಎರಡು ಸಾಲ. ಇಳಿಜಾರು ಮಾಡು ಬೇಕೆಂದು ಮಳೆ ಮೊದಲೇ ಹೇಳಿತ್ತು.

ದಾರಿಗಳು ಇಲ್ಲದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನವನ್ನು ಹುಡುಕುತ್ತ ಕೆ.ಎಸ್. ಜಗದೀಶರಂತಹವರ ಕೈಯಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ರೂಪಿಸಿತು. ಮರ್ದಿನಿ ಎಂಬ ಕೈಯಂತ್ರ. ಅದರಲ್ಲಿ ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು ಸೇರಿಸಿ ಒತ್ತಿ, ನೆರಳಿನಲ್ಲಿ ಮೂರು ನಾಲ್ಕು ವಾರ ನೀರು ಚಿಮುಕಿಸಿದರೆ ಸಾಕು. ಸುಡುವ ಮಾತೇ ಇಲ್ಲ. ಅದೇ ಅಳತೆಯ ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಅರ್ಧಕ್ಕೂ ಕಡಿಮೆ ಇದಕ್ಕೆ ಸಾಕೆಂದು ಅಲ್ಲಿಯ ಅಧ್ಯಯನಗಳು ತೋರಿಸಿವೆ. ಕೇರಳದಲ್ಲಿ ಲಾರಿ ಬೇಕರ್, 2007ರಲ್ಲಿ ತೀರಿಕೊಳ್ಳುವವರೆಗೂ, ಇಟ್ಟಿಗೆಗಳನ್ನು ನಡುವೆ ಪೊಳ್ಳು ಬಿಟ್ಟು ಜೋಡಿಸಿ ಕಾಲು ಭಾಗದಷ್ಟು ಇಟ್ಟಿಗೆ ಉಳಿಸುವ ಗೋಡೆಯನ್ನೂ, ಕಾಂಕ್ರೀಟಿನ ನಡುವೆ ಹಳೆಯ ಹೆಂಚು ತುಂಬಿ ಸಿಮೆಂಟು ಕಡಿಮೆ ಮಾಡುವ ತಾರಸಿಯನ್ನೂ ಕಟ್ಟಿ ತೋರಿಸಿದರು. ಭಾರಿ ಮಳೆಯ ಊರಿನಲ್ಲಿ ಮಣ್ಣಿನ ಇಟ್ಟಿಗೆಗೆ ಎರಡು ಷರತ್ತುಗಳಿವೆ: ಎತ್ತರದ ಕಲ್ಲಿನ ಪಂಚಾಂಗ, ಉದ್ದನೆಯ ಸೂರಂಚು. ಅಜ್ಜನ ಕಾಲದ ಮಣ್ಣಿನ ಗೋಡೆಗಳು ಉಳಿದದ್ದೂ ಇವೆರಡರಿಂದಲೇ.

ಇಷ್ಟೆಲ್ಲ ಇದ್ದೂ ಮೇಳಕ್ಕೆ ಬಂದ ಕುಟುಂಬ ಇದನ್ನು ನೋಡದೆ ಹಿಂತಿರುಗುತ್ತದೆ, ಏಕೆಂದರೆ ಅಲ್ಲಿ ಇದರ ಮಳಿಗೆ ಇರುವುದಿಲ್ಲ. ಸ್ವಂತ ಜಾಗದ ಮಣ್ಣಿಗೆ ಜಾಹೀರಾತು ಕೊಡುವ ಕಂಪನಿ ಯಾವುದು? ಆದುದರಿಂದ ಈ ಸಭೆಯ ಮುಂದಿರುವ ಸೂಚನೆ ಪ್ರತಿಭಟನೆಯದಲ್ಲ. ಮೇಳದ ಬಾಗಿಲಲ್ಲಿ ಘೋಷಣೆ ಕೂಗಿದರೆ ಮನೆ ಕಟ್ಟುವವರು ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ, ಅಷ್ಟೆ. ಮುಂದಿನ ಮೇಳದಲ್ಲಿ ಬಳಗಗಳು ಸೇರಿ ಬಾಡಿಗೆ ಕೊಟ್ಟು ಒಂದು ಮಳಿಗೆ ಹಿಡಿಯಲಿ. ಅಲ್ಲಿ ಒಂದು ಕೈಯಂತ್ರ ಇರಲಿ, ಬಂದವರೇ ಒಂದು ಇಟ್ಟಿಗೆ ಒತ್ತಿ ನೋಡಲಿ. ಮನೆಯ ಜಾಗದ ಮಣ್ಣನ್ನು ಒಂದು ಬಾಟಲಿಯಲ್ಲಿ ತಂದವರಿಗೆ ನೀರು ಹಾಕಿ ಕುಲುಕಿ, ಮರಳೆಷ್ಟು ಜೇಡಿಯೆಷ್ಟು ಎಂದು ಪದರ ತೋರಿಸಿಕೊಡಲಿ. ಧರೆ ಕಡಿಯುವ ಮೊದಲು ನೋಡಬೇಕಾದ ಸಂಗತಿಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಲಿ: ಶೇಡಿ ಇದೆಯೇ, ಮೇಲಿನಿಂದ ಒರತೆ ಬರುತ್ತದೆಯೇ, ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ, ನೀರು ತಿರುಗಿಸುವ ಕಾಲುವೆಗೆ ಜಾಗವೆಲ್ಲಿ. ಆ ಹಾಳೆಯನ್ನು ಮೊದಲು ಕೊಡಬೇಕಾದದ್ದು ಹೊರಾಂಗಣದಲ್ಲಿ ನಿಂತಿರುವ ಯಂತ್ರಗಳ ಚಾಲಕರಿಗೆ. ಗುಡ್ಡದ ಮಣ್ಣನ್ನು ದಿನವೂ ನೋಡುವವರು ಅವರು.

ಮಳಿಗೆಯಲ್ಲಿ ಕೂರಲು ಪಂಡಿತರು ಬೇಡ, ಇಂತಹ ಗೋಡೆ ಕಟ್ಟಿ ಗೊತ್ತಿರುವ ಒಬ್ಬ ಮೇಸ್ತ್ರಿ ಬೇಕು. ‘ಎಷ್ಟು ಖರ್ಚು, ಎಷ್ಟು ವರ್ಷ ಬಾಳುತ್ತದೆ, ಸಾಲ ಸಿಗುತ್ತದೆಯೇ’ ಎಂದು ಜನ ಕೇಳುವುದು ಈ ಮೂರನ್ನೇ. ಮೊದಲೆರಡಕ್ಕೆ ಮೇಸ್ತ್ರಿ ಉತ್ತರ ಹೇಳಬಲ್ಲ. ಮೂರನೆಯದಕ್ಕಾಗಿ ಮೇಳಕ್ಕೆ ಮುಂಚೆಯೇ ಒಂದೆರಡು ಸಹಕಾರ ಸಂಘಗಳ ಪದಾಧಿಕಾರಿಗಳನ್ನು ಕಂಡು ಮಾತನಾಡಿಕೊಂಡು ಬರುವವರು ಇಲ್ಲಿ ಯಾರಿದ್ದಾರೆಂಬುದನ್ನು ಸಭೆ ಊಟಕ್ಕೆ ಏಳುವ ಮೊದಲು ತೀರ್ಮಾನಿಸುವುದು ಒಳ್ಳೆಯದು.