ಬಿಸಿಲು ಅವರದು, ಲಾಭ ಯಾರದು?
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಶ್ಚಿಮ ಆಫ್ರಿಕೆಯಲ್ಲಿ ಗ್ಯಾಂಬಿಯಾ ಎಂಬ ಪುಟ್ಟ ದೇಶವಿದೆ. ಒಂದು ನದಿ, ಅದರ ಎರಡು ದಡ, ಒಂದಿಷ್ಟು ಕಡಲತೀರ, ಅಷ್ಟೇ. ಜನ ಶೇಂಗಾ ಬೆಳೆದು ಮಾರುವವರು. 1965ರಲ್ಲಿ ಬ್ರಿಟಿಷರ ಆಳ್ವಿಕೆ ಕೊನೆಗೊಂಡಿತು. ಅದೇ ವರ್ಷ ಸ್ವೀಡನ್ನಿನ ಪ್ರವಾಸ ಕಂಪನಿಯೊಂದು ಅಲ್ಲಿನ ಚಳಿಗಾಲದ ಬಿಸಿಲನ್ನು ಮಾರಲು ಬಂದಿತು.

ಈ ವ್ಯಾಪಾರದ ಲೆಕ್ಕ ನೋಡಿರಿ. ವಿಮಾನ, ವಸತಿ, ಊಟಕ್ಕೆ ಒಂದೇ ಮೊತ್ತ. ಪ್ರವಾಸಿ ಅದನ್ನು ತನ್ನ ಊರಿನಲ್ಲೇ ಕಂಪನಿಗೆ ಕಟ್ಟುತ್ತಾನೆ. ಗ್ಯಾಂಬಿಯಾದವನಿಗೆ ಸಿಗುವುದು ಹಾಸಿಗೆ ಹಾಸುವ, ತಟ್ಟೆ ತೊಳೆಯುವ ಕೂಲಿ. ಅದೂ ಹೆಚ್ಚಾಗಿ ನವೆಂಬರಿನಿಂದ ಏಪ್ರಿಲಿನವರೆಗೆ. ಊಟ ಹೋಟೆಲಿನೊಳಗೇ ಸಿಗುವಾಗ ಹೊರಗಿನ ಹಣ್ಣಿನ ಬುಟ್ಟಿಯ ಕಡೆ ನೋಡುವವರಾರು?

1999ರಲ್ಲಿ ಸರ್ಕಾರ ಊಟ, ಪಾನೀಯ ಎಲ್ಲ ಸೇರಿದ ಪ್ಯಾಕೇಜನ್ನು ನಿಷೇಧಿಸಿತು. ಕಂಪನಿಗಳು ಪಟ್ಟುಹಿಡಿದವು, ಮರುವರ್ಷವೇ ನಿಷೇಧ ಹೋಯಿತು. 2019ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಥಾಮಸ್ ಕುಕ್ ಕಂಪನಿ ದಿವಾಳಿಯೆದ್ದಿತು. ಪ್ರವಾಸಿಗಳ ದೊಡ್ಡ ಪಾಲನ್ನು ತರುತ್ತಿದ್ದುದು ಅದೇ. ಇಂಗ್ಲೆಂಡಿನಲ್ಲಿ ಬಾಗಿಲು ಹಾಕಿದರೆ ಗ್ಯಾಂಬಿಯಾದ ಅಡುಗೆಯವನ ಕೂಲಿಗೆ ಸಂಚಕಾರ! ಒಬ್ಬನೇ ದಲ್ಲಾಳಿಯನ್ನು ನಂಬಿದವನ ಪಾಡನ್ನು ನಮ್ಮ ಪೇಟೆಯವರಿಗೆ ಹೇಳಬೇಕಾಗಿಲ್ಲ.

ಪ್ರವಾಸಿ ಬರಲೇಬಾರದೆಂದು ನನ್ನ ವಾದವಲ್ಲ. ವರ್ಷವಿಡೀ ದುಡಿದ ಇಂಗ್ಲೆಂಡಿನ ಕಾರ್ಮಿಕನಿಗೂ ಎರಡು ವಾರ ಬಿಸಿಲು ಬೇಕು. ಆದರೆ ಕಡಲತೀರದಲ್ಲಿ ಹಣ್ಣಿನ ರಸ ಮಾರುವವರನ್ನು ನೋಡಿರಿ. ಮೊದಲು ಗಿರಾಕಿಯ ಮೇಲೆ ಮುಗಿಬೀಳುತ್ತಿದ್ದರು. ಆಮೇಲೆ ಒಂದಾಗಿ, ಸರದಿ ಗೊತ್ತುಮಾಡಿಕೊಂಡು, ಹೋಟೆಲಿನವರೊಡನೆ ಮಾತಾಡಿದರು, ಗಳಿಕೆ ಏರಿತು. 2000ದಲ್ಲಿ ಅಲ್ಲಿನ ಸಣ್ಣ ಉದ್ಯಮದವರೂ ತಮ್ಮ ಸಂಘ ಕಟ್ಟಿದರು.

ಪಾಲು ಯಾರೂ ಕರೆದು ಕೊಡುವುದಿಲ್ಲ, ಬಂಧುಗಳೇ. ಒಗ್ಗಟ್ಟಿನಿಂದ ಕೇಳಿ ಪಡೆಯಬೇಕು.