ಅಂಟು ಹಿಡಿಯಬೇಕಾದದ್ದು ಮರಕ್ಕೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಕೆಲಸದ ಬಗ್ಗೆ ಮಾತಾಡು ಎಂದು ನನಗೆ ಹೇಳಿದ್ದರು. ಆದರೆ ನಾನು ಒಂದು ಗಿಟಾರ್ ಕೆಡಿಸಿ, ಆಮೇಲೆ ಸರಿಮಾಡಿದ ಕಥೆ ಹೇಳುತ್ತೇನೆ. ನನ್ನ ಕೆಲಸದಲ್ಲಿ ಉಪಯೋಗಕ್ಕೆ ಬಂದ ಒಂದು ಪಾಠ ಸಿಕ್ಕಿದ್ದು ಅಲ್ಲಿಯೇ.

ಆರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಗೆಳೆಯನೊಬ್ಬ ಊರಿಗೆ ಹೋಗುವಾಗ ತನ್ನ ಗಿಟಾರ್ ನನ್ನ ಹತ್ತಿರ ಬಿಟ್ಟಿದ್ದ. ಅವನ ಅಕ್ಕ ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದು. ನಾನು ಅದನ್ನು ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಇಡೀ ದಿನ ಬಿಟ್ಟೆ. ಸಂಜೆ ನೋಡಿದರೆ ತಂತಿ ಕಟ್ಟುವ ಮರದ ಪಟ್ಟಿಯ ಹಿಂದಿನ ಅಂಚು ಎದ್ದಿತ್ತು. ಅದರಡಿ ಕಾಗದದ ಚೂರು ಸಲೀಸಾಗಿ ಹೋಗುತ್ತಿತ್ತು.

ಆ ಪಟ್ಟಿಗೆ ಬ್ರಿಡ್ಜ್ ಎನ್ನುತ್ತಾರೆ. ವೀಣೆಯಲ್ಲಾದರೆ ನಾವು ಕುದುರೆ ಎನ್ನುತ್ತೇವೆ. ವೀಣೆಯ ತಂತಿಗಳು ಕುದುರೆಯ ಮೇಲೆ ಹಾದು ಹೋಗಿ ಆಚೆ ನಾಗಪಾಶಕ್ಕೆ ಬಿಗಿಯುತ್ತವೆ. ಗಿಟಾರಿನಲ್ಲಿ ಹಾಗಲ್ಲ, ತಂತಿಗಳು ಕುದುರೆಯಲ್ಲೇ ಮುಗಿಯುತ್ತವೆ. ಆರು ಉಕ್ಕಿನ ತಂತಿಗಳನ್ನು ಶ್ರುತಿ ಮಾಡಿದಾಗ ಒಟ್ಟು ಎಳೆತ ಸುಮಾರು 70 ಕೆ.ಜಿ. ಒಬ್ಬ ದೊಡ್ಡ ಮನುಷ್ಯನ ಭಾರ! ಅಷ್ಟನ್ನೂ ತಡೆಯುವುದು ಗೇಣುದ್ದವೂ ಇಲ್ಲದ, ಎರಡು ಬೆರಳಗಲದ ಪಟ್ಟಿಯ ಕೆಳಗಿನ ತೆಳ್ಳನೆಯ ಅಂಟು. ಕಾದ ಕಾರಿನಲ್ಲಿ ಆ ಅಂಟೇ ಮೆತ್ತಗಾಗಿತ್ತು.

ಗೆಳೆಯನಿಗೆ ಹೇಳಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ತಂದೆ. ಪಟ್ಟಿಯನ್ನು ಪೂರ್ತಿ ಕಿತ್ತು, ಬಟ್ಟೆಯಲ್ಲಿ ಒರೆಸಿ, ಅಂಟು ಬಳಿದು, ಮೇಲೆ ನಾಲ್ಕು ಪುಸ್ತಕ ಹೇರಿದೆ. ಒಂದು ಗಂಟೆಗೆ ತಂತಿ ಬಿಗಿದೆ. ನೋಡಲು ಬಹಳ ಚೆನ್ನಾಗಿತ್ತು. ಮೂರನೇ ರಾತ್ರಿ 'ಟಪ್' ಎಂದು ಸದ್ದಾಯಿತು, ಪಟ್ಟಿ ಹಾರಿಬಿತ್ತು.

ಅದನ್ನು ತಿರುಗಿಸಿ ನೋಡಿದೆ. ನಾನು ಹಾಕಿದ ಅಂಟು ಒಂದಿಷ್ಟೂ ಬಿಟ್ಟಿರಲಿಲ್ಲ. ಅದರ ಮೈಗೆ ಗಿಟಾರಿನ ಹೊಳೆಯುವ ಪಾಲಿಶ್ ಚಕ್ಕೆ ಚಕ್ಕೆಯಾಗಿ ಅಂಟಿಕೊಂಡು ಬಂದಿತ್ತು. ಅಂಟು ತನ್ನ ಕೆಲಸ ಮಾಡಿತ್ತು. ಹಿಡಿದುಕೊಳ್ಳಲು ನಾನು ಅದಕ್ಕೆ ಕೊಟ್ಟಿದ್ದು ಪಾಲಿಶ್.

ಮರುದಿನ ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋದೆ. ಅವರು ಬೈಯಲಿಲ್ಲ. "ಮಾಡಿದವನೇ ಬಿಡಿಸಲಿ" ಎಂದು ನನ್ನನ್ನೇ ಕೂರಿಸಿದರು. ನನ್ನ ಎಪಾಕ್ಸಿಯನ್ನು ಹೆರೆದು ತೆಗೆಯಲು ಎರಡು ಭಾನುವಾರ ಹಿಡಿಯಿತು. ವಾದ್ಯಕ್ಕೆ ಯಾಕೆ ಸರೇಸು ಅಥವಾ ಬಡಗಿಗಳ ಮರದಂಟು ಹಾಕುತ್ತಾರೆ ಎಂದು ಆಗ ತಿಳಿಯಿತು. ಮುಂದೊಂದು ದಿನ ರಿಪೇರಿ ಬಂದರೆ ಬಿಸಿ ಕೊಟ್ಟು ಅದನ್ನು ಬಿಡಿಸಬಹುದು. ನಮ್ಮ ನಂತರ ಬರುವವನಿಗೂ ದಾರಿ ಇರಬೇಕಲ್ಲ!

ಆಮೇಲೆ ಕ್ರಮವಾಗಿ ಕೆಲಸ. ಪಟ್ಟಿ ಕೂರುವ ಜಾಗದ ಗಡಿಯನ್ನು ಚೂಪು ಚಾಕುವಿನಿಂದ ಗುರುತಿಸಿ, ಅದರೊಳಗಿನ ಪಾಲಿಶನ್ನು ಬರಿಯ ಮರ ಕಾಣುವವರೆಗೆ ಹೆರೆಯಬೇಕು. ಮೇಲ್ಹಲಗೆ ಸ್ಪ್ರೂಸ್ ಎಂಬ ಚಳಿ ಸೀಮೆಯ ಮರ, ದಪ್ಪ ಬರೀ 3 ಮಿಲಿಮೀಟರ್ ಆಸುಪಾಸು. ಕೈ ಜಾರಿದರೆ ಎಳೆ ಕಡಿಯುತ್ತದೆ. ಕುದುರೆಯ ಪಟ್ಟಿ ಮಾತ್ರ ನಮ್ಮ ಬೀಟೆ. ನಮ್ಮ ಪಶ್ಚಿಮಘಟ್ಟದ ಈ ಮರವನ್ನು ಜಗತ್ತಿನಾದ್ಯಂತ ಗಿಟಾರಿಗೆ ಬಳಸುತ್ತಾರೆ ಎಂದು ನನಗೆ ಗೊತ್ತಾಗಿದ್ದು ಅವತ್ತೇ. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಸ್ವಲ್ಪ ಮುಂಚೆ ಅದರ ತಳವನ್ನು ಹೊಸದಾಗಿ ಹೆರೆಯಬೇಕು.

ಗಿಟಾರಿನ ಮೈ ಸಮತಟ್ಟಾಗಿ ಕಂಡರೂ ಸ್ವಲ್ಪ ಉಬ್ಬಿರುತ್ತದೆ. ಮೈಮೇಲೆ ಮರಳು ಕಾಗದವನ್ನು ಮೇಲ್ಮುಖವಾಗಿ ಹಾಸಿ, ಪಟ್ಟಿಯನ್ನು ಅದರ ಮೇಲೆ ಉಜ್ಜಿ ಅದೇ ಉಬ್ಬಿಗೆ ಹೊಂದಿಸಿದೆವು. ಜಾಗ ಒಂದೆರಡು ಮಿಲಿಮೀಟರ್ ತಪ್ಪಿದರೂ ಸ್ವರ ತಪ್ಪುತ್ತದೆ. ಅದಕ್ಕಾಗಿ ತಂತಿಯ ಮೊದಲ ಮತ್ತು ಕೊನೆಯ ತೂತುಗಳಲ್ಲಿ ಬೋಲ್ಟ್ ಇಳಿಸಿ ಪಟ್ಟಿ ಜಾರದಂತೆ ಮಾಡಿದೆವು. ಅಂಟಿಲ್ಲದೆ ಎರಡು ಸಲ ಎಲ್ಲವನ್ನೂ ಜೋಡಿಸಿ ನೋಡಿದೆವು. ಅಂಟು ಬಳಿದ ಮೇಲೆ ಯೋಚಿಸಲು ಸಮಯ ಇರುವುದಿಲ್ಲ. ಕೊನೆಗೆ ತೆಳುವಾಗಿ ಅಂಟು ಬಳಿದು, ಗಿಟಾರಿನ ಹೊಟ್ಟೆಯ ತೂತಿನೊಳಗಿಂದ ಉದ್ದ ಕ್ಲಾಂಪ್ ಹಾಕಿ, ಅಂಚಿನಲ್ಲಿ ಉಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ 24 ಗಂಟೆ ಮುಟ್ಟದೆ ಬಿಟ್ಟೆವು. ಅಂಟು ಬಳಿದದ್ದು ಎರಡು ನಿಮಿಷ, ತಯಾರಿ ಮೂರು ಭಾನುವಾರ.

ಗೆಳೆಯ ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಅವನು ಮೊದಲು ಪಟ್ಟಿಯ ಹಿಂದೆ ಕಾಗದ ತೂರಿಸಿ ನೋಡಿದ. ಹೋಗಲಿಲ್ಲ. ಆಮೇಲೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಅದು ನ್ಯಾಯವೇ. ಈಗಲೂ ಗಿಟಾರ್ ನುಡಿಯುತ್ತಿದೆ, ಗೆಳೆತನವೂ ಇದೆ.

ವಿದ್ಯಾರ್ಥಿಗಳೇ, ಇದನ್ನು ನಿಮಗೆ ಯಾಕೆ ಹೇಳಿದೆ? ಇದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ನಾನು ಬಿಇ ಸೇರಿದೆ. ಮೊದಲ ವರ್ಷ ತರಗತಿಯಲ್ಲಿ ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದೆ. ಬಾಯಿಪಾಠ ಮಾಡಿ ಒಂದೆರಡು ಪರೀಕ್ಷೆ ದಾಟಿದೆ. ಗಣಿತದಲ್ಲಿ ಫೇಲಾದ ದಿನ ಅವಮಾನದಿಂದ ಹಾಸ್ಟೆಲ್ ಬಿಟ್ಟು ಬರಲು ಬ್ಯಾಗ್ ಕಟ್ಟಿದ್ದೆ. ಆಗ ನಾನು ಓದುತ್ತಿದ್ದದ್ದೆಲ್ಲ ಪಾಲಿಶ್ ಮೇಲಿನ ಅಂಟು ಎಂದು ಗಿಟಾರ್ ಮುಂದೆ ಕುಳಿತಾಗ ಹೊಳೆಯಿತು. "ಸಾರ್, ಇದು ನನಗೆ ಗೊತ್ತಿಲ್ಲ" ಎಂದು ಕೇಳಿದ ದಿನದಿಂದಲೇ ನನಗೆ ವಿದ್ಯೆ ಹತ್ತಿದ್ದು. ಹೆರೆಯುವಾಗ ನೋಯುತ್ತದೆ, ಮೇಲಿನ ಹೊಳಪೂ ಹೋಗುತ್ತದೆ. ಆದರೆ 70 ಕೆ.ಜಿ. ಎಳೆತ ಬಂದ ದಿನ ನಿಲ್ಲುವುದು ಬರಿಯ ಮರಕ್ಕೆ ಹಿಡಿದ ಅಂಟು ಮಾತ್ರ.

ಈ ಶಾಲೆಯಲ್ಲಿ ಗೊತ್ತಿಲ್ಲ ಎಂದವನನ್ನು ಯಾವ ಗುರುಗಳೂ ನಗೆಪಾಟಲು ಮಾಡಿದ್ದಿಲ್ಲ. ಆ ಭಾಗ್ಯವನ್ನು ನೀವು ಚೆನ್ನಾಗಿ ಬಳಸಿಕೊಳ್ಳಿ.