ಮನೆಗೆ ಮೊದಲ ಕೋವಿ



ಮಲೆಸೀಮೆಯಲ್ಲಿ ಪೈರು ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಯ ಕಾಟ ಶುರು. ಒಂದು ರಾತ್ರಿ ಹಿಂಡು ನುಗ್ಗಿದರೆ ಸಾಕು, ಬೆಳಗ್ಗೆ ಅಲ್ಲಿ ಗದ್ದೆ ಇತ್ತೇ ಅನ್ನಿಸಬೇಕು. ಆಗ ಮನೆಯ ಹುಡುಗ, "ಅಪ್ಪಾ, ಒಂದು ರೈಫಲ್ ಕೊಡಿಸಿ" ಅನ್ನುತ್ತಾನೆ. ಹಂದಿಗೂ ಆಯಿತು, ಗುರಿ ಕಲಿಯುವುದಕ್ಕೂ ಆಯಿತು ಎಂದು ಅವನ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪುತ್ತದೆ, ನೋಡೋಣ.

ಬೇಟೆಯ ಮಾತು ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಮೋಜಿನ ಬೇಟೆಯ ಕಾಲ ಮುಗಿಯಿತು. ಪೈರು ತಿನ್ನುವ ಹಂದಿಯನ್ನು ಹೊಡೆಯುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಕೋವಿಯ ಲೈಸೆನ್ಸೇ ಬೇರೆ, ಆ ಅಪ್ಪಣೆಯೇ ಬೇರೆ. ಒಂದು ಕಾಗದ ಇದ್ದರೆ ಇನ್ನೊಂದು ಇದ್ದ ಹಾಗಲ್ಲ. ಗುಂಡಿಲ್ಲದೆ ಬರೀ ಮದ್ದು ತುಂಬಿ, ಸದ್ದು ಮಾಡಿ ಓಡಿಸುವುದೇ ರೈತನ ಕೋವಿಯ ಮುಖ್ಯ ಕೆಲಸ.

1959ರ ಆಯುಧ ಕಾಯಿದೆಯೂ ಇದನ್ನು ಕಂಡೇ ಬರೆದದ್ದು. ಬೆಳೆ ಕಾಯುವುದಕ್ಕೆ ಅದು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿ, ನಾವು ಕೇಪಿನ ಕೋವಿ ಅನ್ನುತ್ತೇವಲ್ಲ, ಅದು. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ಒಳಮೈ ನುಣುಪಾದ ಬೇರೆ ಕೋವಿ ಕೊಡಬಹುದು. ರೈಫಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ, ಬಹುದೂರ ಹೋಗುತ್ತದೆ. ಪಾಯಿಂಟ್ ಇಪ್ಪತ್ತೆರಡು ಎಂಬ ಪುಟ್ಟ ರೈಫಲಿನ ಗುಂಡೂ ಮೇಲೆತ್ತಿ ಹಾರಿಸಿದರೆ ಒಂದು ಮೈಲಿ ದಾಟುತ್ತದೆ. ಸಣ್ಣ ಚರೆಯಾದರೆ ಒಂದೆರಡು ಫರ್ಲಾಂಗಿನೊಳಗೇ ಬಲಗುಂದಿ ಬೀಳುತ್ತದೆ.

ನಾನು ಹುಡುಗನಾಗಿದ್ದಾಗ ನಮ್ಮ ದೊಡ್ಡಪ್ಪ ಅಟ್ಟಣೆಯ ಮೇಲಿಂದ ಕತ್ತಲಲ್ಲಿ ಸಪ್ಪಳ ಕೇಳಿ ಹೊಡೆದರು. ಬಿದ್ದದ್ದು ಹಂದಿಯಲ್ಲ, ಪಕ್ಕದ ಮನೆಯ ಗಬ್ಬದ ಹಸು. ಹಸುವಿನ ಆಚೆ, ಎರಡು ಫರ್ಲಾಂಗಿನಲ್ಲಿ, ಅವರ ಕಣ; ಅಲ್ಲಿ ನಾಲ್ಕು ಜನ ಮಲಗಿದ್ದರು. ಚರೆ ಅಲ್ಲಿಗೆ ಮುಟ್ಟಲಿಲ್ಲ. ದೊಡ್ಡಪ್ಪ ಹಸುವಿನ ಬೆಲೆ ಕೊಟ್ಟರು, ಅವರೂ ತೆಗೆದುಕೊಂಡರು. ಆದರೂ ಎರಡು ಮನೆಗಳ ನಡುವೆ ಮಜ್ಜಿಗೆಯ ಕೊಡುಕೊಳ್ಳುವಿಕೆ ಅಲ್ಲಿಗೇ ನಿಂತಿತು. ಕಣ್ಣಿಗೆ ಕಾಣದ್ದಕ್ಕೆ ಗುರಿಯಿಡಬಾರದು, ಕಂಡದ್ದರ ಹಿಂದೆ ಏನಿದೆ ಅಂತಲೂ ನೋಡಬೇಕು.

ಹಳೇ ಕೋವಿ ಕೊಳ್ಳುವವರು ಆತುರಪಡಬೇಡಿ. ಕೇಪಿನ ಕೋವಿಯಾದರೆ, ಕೇಪು ಇಲ್ಲವೆಂದು ಖಾತ್ರಿ ಮಾಡಿ, ಬಾಯಿಗೆ ಮುಖ ಕೊಡದೆ, ಗಜಕಡ್ಡಿಯನ್ನು ಒಳಗೆ ಇಳಿಸಿ ಗುರುತು ಹಾಕಿ. ಆಮೇಲೆ ಹೊರಗಿನಿಂದ ನಳಿಗೆಗೆ ಹಿಡಿದು ಅಳೆಯಿರಿ. ಕಡ್ಡಿ ಬುಡ ಮುಟ್ಟಿಲ್ಲವಾದರೆ ಯಾರ ಅಜ್ಜನೋ ತುಂಬಿಟ್ಟ ಮದ್ದು ಇನ್ನೂ ಒಳಗಿರಬಹುದು! ಹಾಗಿದ್ದರೆ ಮುಟ್ಟಬೇಡಿ, ಕೋವಿ ರಿಪೇರಿಯವನಿಗೇ ಬಿಡಿ. ಹನ್ನೆರಡು ಬೋರಿನ ತೋಟಾ ಕೋವಿಯಾದರೆ, ಅದು ಎಷ್ಟು ಉದ್ದದ ತೋಟಾಕ್ಕೆ ಮಾಡಿದ್ದೆಂದು ಕೇಳಿ. 65 ಮಿಲಿಮೀಟರಿನ ಹಳೇ ಕೋವಿಗೆ 70ರ ತೋಟಾ ಹಾಕಿದರೆ ನಳಿಗೆಯೇ ಸಿಡಿಯಬಹುದು. ಹಾಕುವಾಗ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹಿಡಿಯ ಬುಡವನ್ನು ಮೊಣಕೈ ಮಡಿಕೆಗೆ ಇಟ್ಟಾಗ ತೋರುಬೆರಳು ಟ್ರಿಗರಿಗೆ ಸಲೀಸಾಗಿ ಎಟುಕಿದರೆ ಅಳತೆ ಸರಿ.

ಇನ್ನು ಹುಡುಗನ ಗುರಿಯ ಆಸೆ. ಅದು ಕೆಟ್ಟ ಆಸೆಯಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವುದನ್ನು ನೋಡಿದವರಿಗೆ ಗೊತ್ತು. (ಅವರಿಗೆ ಲೈಸೆನ್ಸಿನ ವಿನಾಯಿತಿ ಹಿಂದಿನಿಂದ ಬಂದದ್ದು, ಅದು ಎಲ್ಲರಿಗೂ ಇಲ್ಲ.) ಅವನಿಗೆ 4.5 ಮಿಲಿಮೀಟರಿನ ಗಾಳಿ ರೈಫಲ್ ಕೊಡಿಸಿ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇಂಥದರಲ್ಲೇ, ಹತ್ತು ಮೀಟರಿನಲ್ಲಿ. ಹಿಂದೆ ಮಣ್ಣಿನ ದಿಬ್ಬವಿರಲಿ, ಪಕ್ಕದಲ್ಲಿ ನೀವಿರಿ. ಗಾಳಿಯದೆಂದು ಹಗುರ ಮಾಡಬೇಡಿ, ಕಣ್ಣು ಹೋದೀತು.

ಕೋವಿ ಬಂದ ದಿನವೇ ಬೀಗದ ಪೆಟ್ಟಿಗೆಯೂ ಬರಲಿ. ಮದ್ದು ತೋಟಾಗಳಿಗೆ ಬೇರೆ ಬೀಗ. ಬೀಗದಕೈ ಯಾರ ಹತ್ತಿರ? ನಮ್ಮ ಮನೆಯಲ್ಲಿ ಅದು ಅಜ್ಜಿಯ ಸೊಂಟದಲ್ಲಿತ್ತು. ಸಿಟ್ಟಿನಲ್ಲಿ ಕೇಳಿದವರಿಗೆ, ಕುಡಿದು ಬಂದವರಿಗೆ, ಅವರು ಒಂದು ದಿನವೂ ಕೊಟ್ಟವರಲ್ಲ.